ಬ್ಯಾರನ್ ಬಿಸಿಯಲ್ಲಿ ಕೋಡಿಂಗ್ ಪಾಠ

ಹುಣಸೂರು, ಪಿರಿಯಾಪಟ್ಟಣ ಕಡೆಯ ಮಕ್ಕಳಿಗೆ ‘ಇಫ್–ಎಲ್ಸ್’ ಹೇಳಿಕೊಡಲು ನಾನು ಹೆಚ್ಚು ಹೆಣಗುವುದಿಲ್ಲ. ತಂಬಾಕು ಬೇಯಿಸುವ ಮನೆಯಲ್ಲಿ ಅದು ದಿನದ ಮಾತು. ಬ್ಯಾರನ್ನಿನಲ್ಲಿ, ಎಂದರೆ ಬೇಯಿಸುವ ಕೋಣೆಯಲ್ಲಿ, ಸೊಪ್ಪು ಹಳದಿಯಾಗುವ ತನಕ ಬಿಸಿ 35–40 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಆಮೇಲೆ ಮೆಲ್ಲಗೆ ಏರಿಸುತ್ತ, ದಂಟು ಒಣಗಲು 70ರ ಆಸುಪಾಸಿಗೆ ಒಯ್ಯಬೇಕು. ಅವಸರಿಸಿದರೆ ಎಲೆ ಹಸಿರಾಗಿಯೇ ಉಳಿದು ಹರಾಜಿನಲ್ಲಿ ಬೆಲೆ ಬೀಳುತ್ತದೆ. ಬಿಸಿ ಹೆಚ್ಚಾದರೆ ಸೌದೆ ಎಳೆ, ಇಲ್ಲದಿದ್ದರೆ ತಳ್ಳು! (ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂಬ ಫಲಕ ಗೇಟಿನಲ್ಲಿ, ಒಳಗೆ ನನ್ನ ಈ ಪಾಠ.)

ಸಾಮಾನು ಸ್ವಲ್ಪವೇ. 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ವಿದ್ಯಾರ್ಥಿಗಳಿಗೆಂದೇ ರೂಪಿಸಿದ ಆರ್ಡುಯಿನೊ ಬೋರ್ಡು, ಒಂದು ಬಜರ್, ಮೂರು ಕಾಲಿನ ಎಲ್‌ಎಂ35 ಸೆನ್ಸರ್. ಅಗ್ಗದ ಡಿಎಚ್‌ಟಿ11 ಇಲ್ಲಿ ನಡೆಯದು, ಅದರ ಅಳತೆ 50 ಡಿಗ್ರಿಗೇ ಮುಗಿಯುತ್ತದೆ. ಎಲ್‌ಎಂ35 ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ಬೋರ್ಡು 5 ವೋಲ್ಟ್‌ವರೆಗಿನದನ್ನು 0ಯಿಂದ 1023ರ ಅಂಕಿಯಾಗಿ ಓದುತ್ತದೆ. ಅಂಕಿಯನ್ನು ಡಿಗ್ರಿಗೆ ತರುವ ತ್ರೈರಾಶಿಕ ಮಕ್ಕಳದ್ದೇ.

ಮೊದಲ ಪ್ರೋಗ್ರಾಂ: 38 ಮುಟ್ಟಿದರೆ ಕೂಗು, ಇಲ್ಲದಿದ್ದರೆ ಸುಮ್ಮನಿರು. ಬಿಸಿನೀರಿನ ಲೋಟಕ್ಕೆ ಸೆನ್ಸರ್ ಒರಗಿಸಿದರೆ ಅಂಕಿ 37.6, 38.1 ಎಂದು ಕುಣಿಯುತ್ತದೆ, ಬಜರ್ ಜೀರುಂಡೆಯಂತೆ ಗಿರಗುಟ್ಟುತ್ತದೆ. ಕೋಡ್‌ನಲ್ಲಿ ತಪ್ಪಿಲ್ಲ. ಪರದೆಯ ಮೇಲಷ್ಟೇ ಕಲಿತವರಿಗೆ ಈ ತರಲೆ ಎದುರಾಗುವುದೇ ಇಲ್ಲ. ಒಬ್ಬ ಹುಡುಗಿ ಹೇಳಿದಳು: “ನಮ್ಮಪ್ಪ ಒಂದು ಡಿಗ್ರಿಗೆಲ್ಲ ಸೌದೆ ಮುಟ್ಟಲ್ಲ ಸಾರ್.” 38ಕ್ಕೆ ಕೂಗು, 36ಕ್ಕಿಳಿದ ಮೇಲೆ ನಿಲ್ಲು ಎಂದು ಬರೆದಳು. ನಡುವೆ 37 ಇದ್ದಾಗ? ಹಿಂದೆ ಕೂಗುತ್ತಿತ್ತೇ ಎಂದು ನೆನಪಿಡಬೇಕು. ಅದಕ್ಕೊಂದು ವೇರಿಯಬಲ್ ಬೇಕಾಯಿತು. ವೇರಿಯಬಲ್ ಯಾಕೆ ಬೇಕೆಂದು ಯಾರೂ ಮತ್ತೆ ಕೇಳಲಿಲ್ಲ.

ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವುಂಟು. ಅದು ಸಿಗದವರು ಅಂಥ ಲ್ಯಾಬಿನ ತ್ರೀಡಿ ಪ್ರಿಂಟರ್‌ಗೆ ಕಾಯುತ್ತ ಕೂರಬೇಕಿಲ್ಲ.

ಕೆ.ಆರ್. ನಗರದ ಗದ್ದೆಯ ಮಕ್ಕಳಿಗೆ ನೀರಿನ ಮಟ್ಟವೇ ಸರಿ. ಎಚ್.ಡಿ. ಕೋಟೆಯವರಿಗೆ ಆನೆ ಅಲಾರಂ ಬೇಕು. ಪಿಐಆರ್ ಸೆನ್ಸರ್ ಕದಲುವ ಮೈಶಾಖವನ್ನಷ್ಟೇ ಗುರುತಿಸುತ್ತದೆ, ಅದಕ್ಕೆ ನಾಯಿಯೂ ಒಂದೇ ಆನೆಯೂ ಒಂದೇ. ನೋಟ ಕಿರಿದಾಗಲೆಂದು ಎರಡು ಸೆನ್ಸರ್‌ಗೆ ಪೈಪ್ ತುಂಡು ತೊಡಿಸಿ, ಒಂದನ್ನು ಮೊಣಕಾಲೆತ್ತರಕ್ಕೆ, ಇನ್ನೊಂದನ್ನು ಆರಡಿಗೆ ಕಟ್ಟಿ, ಎರಡಕ್ಕೂ ಕಂಡರಷ್ಟೇ ಕೂಗಲಿ ಎಂದರು ಮಕ್ಕಳು. ‘ಆ್ಯಂಡ್’ ಬಂದದ್ದು ಹೀಗೆ.

“ಮರಿ ಬಂದ್ರೆ?” ಎಂದ ಒಬ್ಬ.

“ಮರಿ ಒಂದೇ ಎಲ್ಲಿ ಬರ್ತದೆ? ಅವ್ವ ಜೊತೇಲೇ ಇರ್ತಾಳೆ,” ಎಂದ ಕಾಡಂಚಿನ ಹುಡುಗ.