ಚಿಂಪಾಂಜಿಯ ಹೊಟ್ಟೆಹುಳು, ಗೊರಿಲ್ಲಾದ ಬ್ಯಾಕ್ಟೀರಿಯಾ: ತಪ್ಪು ಕಲ್ಪನೆ ಮತ್ತು ಸತ್ಯ

ತಪ್ಪು ಕಲ್ಪನೆ: ಕಾಡಿನ ವಾನರಗಳಿಗೆ ಜಂತುಹುಳುವಿನ ಕಾಟವಿಲ್ಲ, ಹುಳು ಕಂಡರೆ ಅವು ಕಾಯಿಲೆ ಬಿದ್ದಿವೆ ಎಂದೇ ಲೆಕ್ಕ.

ಎರಡೂ ಸರಿಯಲ್ಲ. ಆಫ್ರಿಕಾದ ಕಾಡುಗಳಲ್ಲಿ ಚಿಂಪಾಂಜಿ, ಗೊರಿಲ್ಲಾಗಳ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುಳುವಿನ ಮೊಟ್ಟೆ ಕಾಣುವುದು ಮಾಮೂಲು. ಮರಿ ಸಾಕಿಕೊಂಡು ಚೆನ್ನಾಗಿ ತಿಂದುಂಡು ಓಡಾಡುವ ಪ್ರಾಣಿಗಳಲ್ಲೂ ಅದು ಇದ್ದೇ ಇರುತ್ತದೆ. ಹುಳುಗಳ ಸಂಖ್ಯೆ ಏರಿದಾಗಲೋ, ಬೇರೆ ಕಾರಣಕ್ಕೆ ಪ್ರಾಣಿ ಸೊರಗಿದಾಗಲೋ ತೊಂದರೆ ಶುರು.

ತಪ್ಪು ಕಲ್ಪನೆ: ಚಿಂಪಾಂಜಿ ಔಷಧಿ ಎಲೆ ತಿಂದು ಹುಳುಗಳನ್ನು ಕೊಲ್ಲುತ್ತದೆ.

ಇದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. 1987ರಲ್ಲಿ ಟಾಂಜಾನಿಯಾದ ಮಹಾಲೆ ಬೆಟ್ಟಗಳಲ್ಲಿ ಸಂಶೋಧಕ ಮೈಕೆಲ್ ಹಫ್‌ಮನ್ ಮತ್ತು ಅಲ್ಲಿನ ಟೊಂಗ್ವೆ ಜನಾಂಗದ ಮೊಹಮ್ಮದಿ ಸೈಫು ಕಲುಂಡೆ, ಚೌಸಿಕು ಎಂಬ ಹೆಣ್ಣು ಚಿಂಪಾಂಜಿಯ ಹಿಂದೆ ಹೊರಟಿದ್ದರು. ಅದಕ್ಕೆ ಮೈ ಸರಿಯಿರಲಿಲ್ಲ. ಬಹಳ ಹೊತ್ತು ಮಲಗಿಯೇ ಇತ್ತು. ಆಮೇಲೆ ವರ್ನೋನಿಯಾ ಅಮಿಗ್ಡಲಿನಾ ಎಂಬ ಕಹಿಗಿಡದ ಎಳೆ ದಂಟು ಮುರಿದು, ಎಲೆ, ಸಿಪ್ಪೆ ಕಿತ್ತೆಸೆದು, ತಿರುಳನ್ನಷ್ಟೇ ಜಗಿದು ರಸ ಹೀರಿ ನಾರು ಉಗುಳಿತು. ಟೊಂಗ್ವೆ ಜನ ಹೊಟ್ಟೆ ಕೆಟ್ಟಾಗ ಬಳಸುವ ಗಿಡವೂ ಅದೇ. ಮರುದಿನಕ್ಕೆ ಚೌಸಿಕು ಚೇತರಿಸಿಕೊಂಡಿತ್ತು. ಆ ಎಲೆಯಲ್ಲಿರುವ ವರ್ನೋಡಾಲಿನ್ ವಿಷಕಾರಿ ಎಂಬುದನ್ನು ಗಮನಿಸಿದರೆ ಚಿಂಪಾಂಜಿ ಎಲೆಯನ್ನು ಯಾಕೆ ಬಿಸಾಕಿತು ಎಂದು ಊಹಿಸಬಹುದು.

ಎಲೆ ನುಂಗುವುದು ಬೇರೆಯೇ ಕೆಲಸ. ಆಸ್ಪಿಲಿಯಾದಂಥ ಗಿಡಗಳ ಒರಟು ಎಲೆಗಳನ್ನು ಚಿಂಪಾಂಜಿಗಳು ಹೆಚ್ಚಾಗಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದೊಂದಾಗಿ ಬಾಯಿಗಿಟ್ಟು, ನಾಲಿಗೆಯಿಂದ ಮಡಚಿ, ಜಗಿಯದೆ ನುಂಗುತ್ತವೆ. ಎಲೆಯ ರಾಸಾಯನಿಕವೇ ಹುಳು ಕೊಲ್ಲುತ್ತದೆ ಎಂದು ಸಂಶೋಧಕರೂ ಮೊದಲು ಭಾವಿಸಿದ್ದರು. ಆದರೆ ಎಲೆ ಜೀರ್ಣವೇ ಆಗುವುದಿಲ್ಲ. ಅದರ ಮೇಲಿನ ಒರಟು ರೋಮಗಳು ಕರುಳನ್ನು ಕೆಣಕಿ, ಆರು ಗಂಟೆಯೊಳಗೆ ಎಲ್ಲವನ್ನೂ ಹೊರದಬ್ಬುತ್ತವೆ. ಮಲದಲ್ಲಿ ಇಡೀ ಎಲೆಗಳ ಜೊತೆ ಈಸೊಫಾಗೊಸ್ಟೋಮಮ್ ಹುಳುಗಳು ಸಿಗುತ್ತವೆ, ಅದೂ ಜೀವಂತವಾಗಿ! ಅಂದರೆ ಇಲ್ಲಿ ನಡೆಯುವುದು ಹುಳುವಿನ ಸಂಹಾರವಲ್ಲ, ಗುಡಿಸಿಹಾಕುವಿಕೆ. ಬೊನೊಬೊಗಳೂ ಹೀಗೆ ಎಲೆ ನುಂಗುತ್ತವೆ.

ತಪ್ಪು ಕಲ್ಪನೆ: ಕರುಳಿನ ಬ್ಯಾಕ್ಟೀರಿಯಾ ಎಂದರೆ ರೋಗಾಣು.

ದಿನವಿಡೀ ಎಲೆ, ದಂಟು, ಬಿದಿರಿನ ಕಳಲೆ ತಿನ್ನುವ ಬೆಟ್ಟದ ಗೊರಿಲ್ಲಾಕ್ಕೆ ಆ ನಾರನ್ನು ತಾನೇ ಜೀರ್ಣಿಸುವ ಕಿಣ್ವವಿಲ್ಲ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಕೊಬ್ಬಿನ ಆಮ್ಲಗಳಾಗಿ ಮಾಡಿದರೆ ಮಾತ್ರ ಅದರ ಶಕ್ತಿ ಮೈಗೆ ಹತ್ತುತ್ತದೆ. ಈ ಒಡನಾಟ ಹಳೆಯದು. ಮನುಷ್ಯ, ಚಿಂಪಾಂಜಿ, ಬೊನೊಬೊ, ಗೊರಿಲ್ಲಾಗಳ ಕರುಳಿನ ಕೆಲವು ಬ್ಯಾಕ್ಟೀರಿಯಾ ವಂಶಗಳು ಸುಮಾರು 1.5 ಕೋಟಿ ವರ್ಷಗಳಿಂದ ಅವುಗಳ ಜೊತೆಜೊತೆಗೇ ಕವಲೊಡೆಯುತ್ತ ಬಂದಿವೆ ಎಂದು 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತಾಯಿಯಿಂದ ಬಂದದ್ದಷ್ಟೇ ಕೊನೆಯವರೆಗೆ ಉಳಿಯುತ್ತದೆ ಎಂದೂ ಇಲ್ಲ: ಟಾಂಜಾನಿಯಾದ ಗೊಂಬೆ ಎಂಬ ಕಾಡಿನಲ್ಲಿ ಚಿಂಪಾಂಜಿಗಳು ಹೆಚ್ಚು ಒಟ್ಟುಗೂಡುವ ಕಾಲದಲ್ಲಿ ಅವುಗಳ ಕರುಳಿನ ಬ್ಯಾಕ್ಟೀರಿಯಾ ವೈವಿಧ್ಯವೂ ಹೆಚ್ಚುತ್ತದೆ.

ತಪ್ಪು ಕಲ್ಪನೆ: ರೋಗ ಬರುವುದು ವಾನರದಿಂದ ನಮಗೆ.

ನಮ್ಮಿಂದ ಅವುಗಳಿಗೂ ಹೋಗುತ್ತದೆ, ಈ ಮಾತನ್ನು ನಾವು ಸಾಕಷ್ಟು ಹೇಳುತ್ತಿಲ್ಲ. ಐವರಿ ಕೋಸ್ಟ್‌ನ ತಾಯಿ ಎಂಬ ಹೆಸರಿನ ಕಾಡಿನಲ್ಲಿ ಚಿಂಪಾಂಜಿಗಳು ಮನುಷ್ಯರ ಉಸಿರಾಟದ ವೈರಾಣುಗಳಿಂದ ಸತ್ತಿವೆ. ನಮ್ಮ ಕರುಳಿನ ರೋಗಾಣುಗಳ ಭಯವೂ ಇದೆ. ಅದಕ್ಕೇ ಗೊರಿಲ್ಲಾ ನೋಡಲು ಹೋದವರು ಕಾಡಿನಲ್ಲಿ ಶೌಚಕ್ಕೆ ಕೂರಬೇಕಾದರೆ ಸುಮಾರು ಒಂದು ಅಡಿ ಆಳದ ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚಬೇಕು. ಮೈ ಹುಷಾರಿಲ್ಲದವರು ಹೋಗುವಂತೆಯೇ ಇಲ್ಲ.