ಮುರಿದ ವಿಮಾನ ಮತ್ತೆ ಹಾರಿತು



ಹಳೇ ಸೀರೆ ಹರಿದರೆ ನಾವು ಏನು ಮಾಡುತ್ತೇವೆ? ಬಿಸಾಡುವುದಿಲ್ಲ. ಗಟ್ಟಿ ಇರುವ ತುಂಡು ಆರಿಸುತ್ತೇವೆ. ಪದರದ ಮೇಲೆ ಪದರ ಇಟ್ಟು ಕೌದಿ ಹೊಲಿಯುತ್ತೇವೆ. ಆ ಕೌದಿ ಇನ್ನೂ ಹತ್ತು ವರ್ಷ ಬಾಳುತ್ತದೆ.

ಮುರಿದ ವಿಮಾನವನ್ನೂ ಹೀಗೆ ಎಬ್ಬಿಸಬಹುದೇ? ಎಬ್ಬಿಸಬಹುದು. ನಮ್ಮ ಬೆಂಗಳೂರಿನಲ್ಲೇ ಎಬ್ಬಿಸಿದ್ದಾರೆ. ಆ ಕಥೆ ಕೇಳ್ರಿ.

ಕಾನ್ಪುರದ ಗುಜರಿ

1939ರಿಂದ 1945ರ ತನಕ ಜಗತ್ತಿನಲ್ಲಿ ದೊಡ್ಡ ಯುದ್ಧ ನಡೆಯಿತು. ಆಗ ಅಮೆರಿಕ ದೇಶ ಲಿಬರೇಟರ್ ಎಂಬ ವಿಮಾನ ಮಾಡಿತು. ಅದು ಬಾಂಬು ಹಾಕುವ ವಿಮಾನ. ಅದಕ್ಕೆ ನಾಲ್ಕು ಎಂಜಿನ್. ರೆಕ್ಕೆಯ ಈ ತುದಿಯಿಂದ ಆ ತುದಿಗೆ 110 ಅಡಿ.

ಇಂಥ ಬಹಳ ವಿಮಾನಗಳನ್ನು ಅಮೆರಿಕ ಇಂಗ್ಲೆಂಡಿಗೆ ಕಡ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಅವನ್ನು ವಾಪಸು ಕೊಡಬೇಕು, ಇಲ್ಲವೇ ಹಾಳು ಮಾಡಬೇಕು. ಹೀಗೆ ಒಪ್ಪಂದ ಆಗಿತ್ತು. ನಮ್ಮ ದೇಶದ ಕಾನ್ಪುರದಲ್ಲಿ ನಿಂತಿದ್ದ ಲಿಬರೇಟರ್‌ಗಳನ್ನು ಬೇಕಂತಲೇ ಕೆಡಿಸಿದರು. ಎಂಜಿನ್ ಒಳಗೆ ಮರಳು ಸುರಿದರು, ಮೈಗೆ ತೂತು ಹಾಕಿದರು ಅಂತ ಹೇಳುತ್ತಾರೆ. ಮತ್ತೆ ಯಾರೂ ಹಾರಿಸಬಾರದು ಎಂಬುದೇ ಅವರ ಲೆಕ್ಕ.

ಬೆಂಗಳೂರಿನ ಕೈಗಳು

1947ರಲ್ಲಿ ನಮಗೆ ಸ್ವಾತಂತ್ರ್ಯ ಬಂತು. ದೇಶಕ್ಕೆ ದೊಡ್ಡ ವಿಮಾನ ಬೇಕಿತ್ತು. ಹೊಸದು ಕೊಳ್ಳಲು ಬಹಳ ಹಣ ಬೇಕು. ಆಗ ಕಾನ್ಪುರದ ಗುಜರಿಯ ಮೇಲೆ ಕಣ್ಣು ಬಿತ್ತು.

ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಇತ್ತು. ವಾಲಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸಂಸ್ಥಾನದ ಜೊತೆ ಸೇರಿ 1940ರಲ್ಲಿ ಅದನ್ನು ಕಟ್ಟಿದ್ದರು. ಅದನ್ನೇ ನಾವು ಈಗ ಎಚ್.ಎ.ಎಲ್. ಅನ್ನುತ್ತೇವೆ. ಈ ಮುರಿದ ವಿಮಾನಗಳನ್ನು ಎಬ್ಬಿಸಿ ಅಂತ ಸರಕಾರ ಆ ಕಾರ್ಖಾನೆಗೆ ಹೇಳಿತು.

ಕೆಲಸಗಾರರು ಕಾನ್ಪುರಕ್ಕೆ ಹೋದರು. ಕೆಟ್ಟದ್ದರಲ್ಲಿ ಒಳ್ಳೆಯದನ್ನು ಆರಿಸಿದರು. ಒಂದರ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿದರು. ಹೇಗೋ ಒಂದು ಸಲ ಹಾರುವಷ್ಟು ರಿಪೇರಿ ಮಾಡಿದರು. ಜಮ್‌ಶೇದ್ ಮುನ್ಷಿ ಎಂಬ ಪೈಲಟ್ ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ದಾರಿ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್! ಬೆಂಗಳೂರಿನಲ್ಲಿ ಪೂರ್ತಿ ರಿಪೇರಿ ನಡೆಯಿತು. ಹೀಗೆ ಸುಮಾರು 40 ವಿಮಾನ ಎದ್ದವು. 1948ರಿಂದ ಅವು ನಮ್ಮ ವಾಯುಪಡೆ ಸೇರತೊಡಗಿದವು. ಮುಂದೆ ಸಮುದ್ರ ಕಾಯುವ ಕೆಲಸವನ್ನೂ ಮಾಡಿದವು. 1968ರ ತನಕ ದುಡಿದವು.

ಸ್ವಯಂಸೇವಕರು ಬಂದರು

ಅಷ್ಟರಲ್ಲಿ ಬೇರೆ ದೇಶಗಳಲ್ಲಿ ಲಿಬರೇಟರ್‌ಗಳನ್ನು ಕರಗಿಸಿ ಲೋಹ ಮಾರಿಕೊಂಡಿದ್ದರು. ನೋಡೋಣ ಅಂದರೂ ಸಿಗದಂತೆ ಆಗಿತ್ತು. ಆಗ ಹೊರದೇಶದ ಮ್ಯೂಸಿಯಂನವರು ಹುಡುಕಿಕೊಂಡು ನಮ್ಮ ದೇಶಕ್ಕೇ ಬಂದರು. ಮ್ಯೂಸಿಯಂ ಅಂದರೆ ಹಳೆಯ ವಸ್ತುಗಳನ್ನು ಜೋಪಾನ ಮಾಡಿ ಜನರಿಗೆ ತೋರಿಸುವ ಮನೆ. ನಮ್ಮ ಬಳ್ಳಾರಿಯಲ್ಲೂ ಒಂದು ಇದೆ. ಅಲ್ಲಿ ಸಂಗನಕಲ್ಲಿನ ಹಳೇ ಕಲ್ಲಿನ ಕೊಡಲಿಗಳನ್ನು ನೋಡಬಹುದು.

ನಮ್ಮ ಲಿಬರೇಟರ್‌ಗಳು ಅಮೆರಿಕ, ಕೆನಡಾ, ಇಂಗ್ಲೆಂಡಿನ ಮ್ಯೂಸಿಯಂ ಸೇರಿದವು. ಒಂದು ದೆಹಲಿಯ ಪಾಲಂನಲ್ಲಿ ವಾಯುಪಡೆಯ ಮ್ಯೂಸಿಯಂನಲ್ಲಿ ಉಳಿಯಿತು.

ಇನ್ನೊಂದು ಲಿಬರೇಟರ್ ನಮ್ಮ ದೇಶದಲ್ಲಿ ಮಳೆ ಬಿಸಿಲಿಗೆ ನಿಂತಿತ್ತು. 1981ರಲ್ಲಿ ಅದನ್ನು ಬಿಚ್ಚಿ ಇಂಗ್ಲೆಂಡಿಗೆ ಒಯ್ದರು. ಆಮೇಲೆ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಅದನ್ನು ಕೊಂಡಿತು. ಅಲ್ಲಿ ನುರಿತ ಕೆಲಸಗಾರರ ಜೊತೆ ಸ್ವಯಂಸೇವಕರು ಕೂಡಿದರು. ಸ್ವಯಂಸೇವಕರು ಅಂದರೆ ಯಾರು? ಸಂಬಳ ಕೇಳದೆ ದುಡಿಯುವವರು. ಮದುವೆ ಮನೆಯಲ್ಲಿ ಓಣಿಯ ಹೆಣ್ಣುಮಕ್ಕಳು ಕೂಡಿ ರೊಟ್ಟಿ ಬಡಿಯುತ್ತಾರಲ್ಲ, ಹಾಗೆ. ಹತ್ತಾರು ಸಾವಿರ ಗಂಟೆ ಕೆಲಸ ನಡೆಯಿತು. 1989ರಲ್ಲಿ ಆ ವಿಮಾನ ಮತ್ತೆ ಆಕಾಶಕ್ಕೆ ಏರಿತು.

ಕೆಲಸ ಹೇಗೆ ನಡೆಯುತ್ತದೆ?

ಮೊದಲು ವಿಮಾನವನ್ನು ಬಿಚ್ಚುತ್ತಾರೆ. ಬಿಚ್ಚಿದ ಪ್ರತಿ ಭಾಗಕ್ಕೂ ಒಂದು ಚೀಟಿ ಕಟ್ಟುತ್ತಾರೆ. ಅದರ ಹೆಸರೇನು, ಎಲ್ಲಿಂದ ಬಿಚ್ಚಿದ್ದು, ಎಷ್ಟನೇ ನಂಬರು, ಎಲ್ಲ ಬರೆಯುತ್ತಾರೆ. ಚೀಟಿ ತಪ್ಪಿದರೆ ಜೋಡಿಸುವಾಗ ತಲೆ ಕೆಡುತ್ತದೆ. ಓದು ಬರಹ ಇಲ್ಲದೆ ಈ ಕೆಲಸ ಸಾಗುವುದಿಲ್ಲ.

ಆಮೇಲೆ ತೊಳೆಯುವುದು, ಹಳೇ ಬಣ್ಣ ತೆಗೆಯುವುದು. ವಿಮಾನದ ಮೈ ಹೆಚ್ಚಾಗಿ ಅಲ್ಯೂಮಿನಿಯಂ. ನಮ್ಮ ಮನೆಯ ಜರ್ಮನ್ ಪಾತ್ರೆಯ ಲೋಹ ಅದೇ. ಕಬ್ಬಿಣಕ್ಕೆ ಕೆಂಪು ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಕೆಟ್ಟರೆ ಬಿಳಿ ಪುಡಿ ಏಳುತ್ತದೆ. ಅಂಥ ಜಾಗವನ್ನು ಕತ್ತರಿಸಿ ಹೊಸ ತಗಡು ಹಾಕುತ್ತಾರೆ.

ತಗಡು ಕೂಡಿಸಲು ರಿವೆಟ್ ಎಂಬ ಮೊಳೆ ಬೇಕು. ಪಾತ್ರೆಯ ಹಿಡಿಕೆ ನೋಡ್ರಿ, ಅಲ್ಲಿ ಗುಂಡು ತಲೆಯ ಮೊಳೆ ಕಾಣುತ್ತದೆ. ಅದೇ ರಿವೆಟ್. ಲಿಬರೇಟರ್‌ನಲ್ಲಿ ಇಂಥವು ಲಕ್ಷಗಟ್ಟಲೆ ಇದ್ದವು. ಒಂದು ರಿವೆಟ್ ಹಾಕಲು ಇಬ್ಬರು ಬೇಕು. ಒಬ್ಬರು ಹೊರಗಿನಿಂದ ಬಡಿಯುತ್ತಾರೆ. ಇನ್ನೊಬ್ಬರು ಒಳಗೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುತ್ತಾರೆ. ಆಗ ಮೊಳೆಯ ಬಾಲ ಚಪ್ಪಟೆಯಾಗಿ ಕಚ್ಚಿಕೊಳ್ಳುತ್ತದೆ. ಒಬ್ಬರಿಗೆ ಇನ್ನೊಬ್ಬರು ಕಾಣುವುದಿಲ್ಲ. ಆದರೂ ಕೈಗೆ ಕೈ ಕೂಡಬೇಕು.

ಬರೀ ನೋಡಲು ಇಡುವ ವಿಮಾನವಾದರೆ ಅದು ಗಟ್ಟಿಯಾಗಿ ನಿಂತರೆ ಸಾಕು. ಹಾರಿಸುವುದಾದರೆ ಜೀವದ ಪ್ರಶ್ನೆ. ಸ್ವಯಂಸೇವಕರು ಮಾಡಿದ ಕೆಲಸವನ್ನು ಪರವಾನಗಿ ಇರುವ ಮೆಕ್ಯಾನಿಕ್ ಪರೀಕ್ಷೆ ಮಾಡಬೇಕು. ಸರಿ ಇದ್ದರೆ ಮಾತ್ರ ಸಹಿ ಹಾಕಬೇಕು.

ಹೆಣ್ಣುಮಕ್ಕಳ ಕೈ

ಇದೆಲ್ಲ ಗಂಡಸರ ಕೆಲಸ ಅಂತೀರಾ? ಅಲ್ಲ. ಯುದ್ಧದ ಕಾಲದಲ್ಲಿ ಗಂಡಸರು ಸೈನ್ಯಕ್ಕೆ ಹೋದರು. ಅಮೆರಿಕದ ಕಾರ್ಖಾನೆಗಳಿಗೆ ಹೆಂಗಸರು ಬಂದರು. ವಿಲೋ ರನ್ ಎಂಬಲ್ಲಿಯ ಕಾರ್ಖಾನೆ 8 ಸಾವಿರಕ್ಕೂ ಹೆಚ್ಚು ಲಿಬರೇಟರ್ ಮಾಡಿತು. ಕೆಲಸ ಜೋರಾಗಿದ್ದಾಗ ಗಂಟೆಗೆ ಒಂದು ವಿಮಾನ ಹೊರಗೆ ಬರುತ್ತಿತ್ತು. ಅಲ್ಲಿ ಮೂರು ಜನರಲ್ಲಿ ಸುಮಾರು ಒಬ್ಬರು ಹೆಂಗಸು. ಅವರಲ್ಲಿ ಬಹಳ ಜನ ಮೊದಲು ಕಾರ್ಖಾನೆ ಕಂಡವರಲ್ಲ. ಅಲ್ಲೇ ಕಲಿತರು.

ಯಾರ ಹೆಸರು ಉಳಿಯಿತು?

ಯುದ್ಧ ಒಳ್ಳೆಯದು ಅಂತ ನಾವು ಹೇಳುತ್ತಿಲ್ಲ. ಬಾಂಬು ಬಿದ್ದಲ್ಲಿ ಮನೆ ಮಕ್ಕಳು ಸುಡುತ್ತವೆ. ಅದೂ ನೆನಪಿರಬೇಕು ಅಂತಲೇ ಇಂಥ ವಿಮಾನ ಉಳಿಸಬೇಕು.

ಇನ್ನೊಂದು ಮಾತು. ಈ ಕಥೆ ಹೇಳುವಾಗ ಪೈಲಟ್ ಮುನ್ಷಿಯವರ ಹೆಸರು ಬರುತ್ತದೆ. ಮರಳು ತೆಗೆದವರ, ತಗಡು ಬಡಿದವರ ಹೆಸರು ಬರುವುದಿಲ್ಲ. ಅವರ ಕೈಕೆಲಸ ಮಾತ್ರ ಉಳಿದಿದೆ. ನಮ್ಮ ಅಜ್ಜಿಯರ ಕೌದಿಯೂ ಹಾಗೆಯೇ. ಹೊಲಿದವರು ಯಾರು ಅಂತ ಎಲ್ಲಿಯೂ ಬರೆದಿಲ್ಲ.

ಈಗ ನಮಗೆ ಬರೆಯಲು ಬರುತ್ತದೆ. ಮನೆಯ ಹಳೇ ವಸ್ತುವಿಗೆ ಒಂದು ಚೀಟಿ ಕಟ್ಟೋಣ. ಬೀಸುವ ಕಲ್ಲು ಇರಲಿ, ಕೌದಿ ಇರಲಿ. ಯಾರು ಮಾಡಿದ್ದು, ಯಾರು ಬಳಸಿದ್ದು ಅಂತ ಬರೆಯೋಣ. ಬೆಂಗಳೂರಿಗೆ ಹೋದರೆ ಎಚ್.ಎ.ಎಲ್. ಮ್ಯೂಸಿಯಂ ನೋಡಿ ಬನ್ನಿ. ಅದು 2001ರಲ್ಲಿ ಶುರುವಾಯಿತು. ಅಲ್ಲಿ ನಮ್ಮವರೇ ಮಾಡಿದ ವಿಮಾನಗಳಿವೆ. ಪಕ್ಕದ ಬೋರ್ಡುಗಳನ್ನು ನೀವೇ ಓದಿ, ಮಕ್ಕಳಿಗೂ ಹೇಳಿ.

ಕೂಡಿ ಮಾತಾಡೋಣ

1. ಕಾನ್ಪುರದ ವಿಮಾನಗಳನ್ನು ಯಾಕೆ ಕೆಡಿಸಿದರು?
2. ಬಿಚ್ಚಿದ ಭಾಗಕ್ಕೆ ಚೀಟಿ ಯಾಕೆ ಕಟ್ಟುತ್ತಾರೆ?
3. ರಿವೆಟ್ ಹಾಕಲು ಇಬ್ಬರು ಯಾಕೆ ಬೇಕು?
4. ನಮ್ಮ ಬಾದನಹಟ್ಟಿಯಲ್ಲಿ ಜೋಪಾನ ಮಾಡಬೇಕಾದ ಹಳೆಯ ವಸ್ತು ಯಾವುದು? ಅದರ ಹೆಸರು ಬರೆಯಿರಿ.