ಹಲಸಂಗಿಯ ಗೆಳೆಯರೂ ಐರ್ಲೆಂಡಿನ ಕವಿಗಳೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಭೂಮಿಯಲ್ಲಿ, ರೊಟ್ಟಿಯ ಹಿಟ್ಟು ಮನೆಮನೆಯ ಬೀಸುಕಲ್ಲಿನಿಂದಲೇ ಬರಬೇಕಾಗಿದ್ದ ಕಾಲದಲ್ಲಿ, ಬೆಳಗಾಗುವ ಮುನ್ನವೇ ಎದ್ದ ಹೆಣ್ಣುಮಕ್ಕಳು ಕಲ್ಲಿನ ಗೂಟ ಹಿಡಿದು, ತವರನ್ನೂ ಅಣ್ಣತಮ್ಮಂದಿರನ್ನೂ ತೊಟ್ಟಿಲ ಕೂಸನ್ನೂ ನೆನೆದು ಹಾಡುತ್ತಿದ್ದ ತ್ರಿಪದಿಗಳಿಗೆ ಸಾಹಿತ್ಯವೆಂಬ ಹೆಸರು ಸಲ್ಲುವುದೆಂದು ಬಹುಕಾಲ ಯಾರೂ ಎಣಿಸಿರಲಿಲ್ಲ. ಅದನ್ನು ಎಣಿಸಿದವರು ಇಂಡಿಯ ಸೀಮೆಯ ಹಲಸಂಗಿಯ ಗೆಳೆಯರು: ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ಇವರ ಬಳಗದಿಂದ 1931ರಲ್ಲಿ 'ಗರತಿಯ ಹಾಡು', 1933ರಲ್ಲಿ ಲಾವಣಿಗಳ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಹೊರಬಂದವು. ಈ ತಾಲೂಕುಗಳ ವಿಜಾಪುರ ಜಿಲ್ಲೆಯು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಸುಶಿಕ್ಷಿತರ ನಡುವೆ ಮರಾಠಿಗಿದ್ದ ಗೌರವ ಕನ್ನಡಕ್ಕಿರಲಿಲ್ಲವೆಂಬುದನ್ನು ನೆನೆದರೆ ಈ ಮೂರು ಪುಸ್ತಕಗಳ ಧೈರ್ಯ ತಿಳಿಯುತ್ತದೆ. ಅದಕ್ಕೆ ಮೊದಲೇ, 1923ರಲ್ಲಿ, ಫ. ಗು. ಹಳಕಟ್ಟಿಯವರು ತಾಳೆಗರಿಗಳಲ್ಲಿ ಹುದುಗಿದ್ದ ಬಾಗೇವಾಡಿಯ ಬಸವಣ್ಣನವರ ಹಾಗೂ ಇತರ ಶರಣರ ನುಡಿಯನ್ನು 'ವಚನಶಾಸ್ತ್ರಸಾರ'ದಲ್ಲಿ ನಾಡಿನ ಮುಂದಿರಿಸಿದ್ದರು.

ಇಂಥದೇ ಸಾಹಸವನ್ನು ಕೆಲವು ದಶಕಗಳ ಮೊದಲು ಮಾಡಿದ ದೇಶ ಐರ್ಲೆಂಡು. ಅಲ್ಲಿ 1845ರಿಂದ ಮೊದಲಾದ ಘೋರ ಕ್ಷಾಮದಲ್ಲಿ ಐರಿಷ್ ನುಡಿಯನ್ನಾಡುವ ಪಶ್ಚಿಮತೀರದ ಬಡಜನರು ಅಸಂಖ್ಯರಾಗಿ ಸತ್ತು, ಉಳಿದವರಲ್ಲಿ ಅನೇಕರು ಸಮುದ್ರ ದಾಟಿ, ಇಂಗ್ಲಿಷು ಒಲೆಯ ಬಳಿಯವರೆಗೂ ಬಂದಿತ್ತು. 1893ರಲ್ಲಿ ಡಗ್ಲಾಸ್ ಹೈಡ್ ಕನಾಟ್ ಪ್ರದೇಶದ ಪ್ರೇಮಗೀತಗಳನ್ನು ಅನುವಾದಸಮೇತ ಪ್ರಕಟಿಸಿದನು. ಅದೇ ವರ್ಷ ನುಡಿಯ ಪುನರುಜ್ಜೀವನಕ್ಕಾಗಿ ಗೇಲಿಕ್ ಲೀಗ್ ಹುಟ್ಟಿತು. ಲೇಡಿ ಗ್ರೆಗರಿ ಐರಿಷ್ ಕಲಿತು ಗುಡಿಸಲುಗಳಿಂದ ಕತೆ ತಂದಳು. ಕವಿ ಯೇಟ್ಸ್, ತಾನು ಆ ನುಡಿಯನ್ನರಿಯದೆಯೇ, ಆ ಕತೆಗಳ ಸತ್ತ್ವವನ್ನು ಇಂಗ್ಲಿಷ್ ಕಾವ್ಯಕ್ಕೆ ತುಂಬಿದನು. ಇವರ ಗೆಳೆಯನಾಗಿದ್ದ, ಕವಿಯೂ ಚಿತ್ರಕಾರನೂ ಆಗಿ ಗ್ರಾಮಗಳ ಸಹಕಾರಿ ಸಂಘಗಳಿಗಾಗಿ ದುಡಿದ ಜಾರ್ಜ್ ರಸೆಲ್, ಅಂದರೆ ಎ. ಇ., ನಮ್ಮ ಬೇಂದ್ರೆಯವರ ಮನಸ್ಸನ್ನು ರವೀಂದ್ರರಂತೆಯೂ ಅರವಿಂದರಂತೆಯೂ ಸೆಳೆದವನು. ಬೇಂದ್ರೆಯವರು ಹಲಸಂಗಿಯ ಬಳಗಕ್ಕೆ ಆಪ್ತರು. ಹೀಗೆ ಡಬ್ಲಿನ್ನಿನ ಗಾಳಿ ಭೀಮಾತೀರದ ಸೀಮೆಯನ್ನು ಬಹು ದೂರದಿಂದಲಾದರೂ ಮುಟ್ಟಿತ್ತೆನ್ನಬೇಕು.

ಆದರೆ ಸಾಮ್ಯದಷ್ಟೇ ಭೇದವೂ ದೊಡ್ಡದು. ಐರಿಷ್ ಲೇಖಕನು ಕಳೆದುಹೋಗುತ್ತಿದ್ದ ನುಡಿಯನ್ನು ಹುಡುಕುತ್ತಿದ್ದನು. ಹಲಸಂಗಿಯವರಿಗೆ ನುಡಿ ಮನೆಯ ಪಡಸಾಲೆಯಲ್ಲಿಯೇ ಇತ್ತು, ಮರ್ಯಾದೆಯೊಂದೇ ಇರಲಿಲ್ಲ. ಅಲ್ಲಿಯದು ಶೋಧ, ಇಲ್ಲಿಯದು ಅಂಗೀಕಾರ. ಎರಡನೆಯದು ಸುಲಭವೆಂದು ನಾನು ಬಗೆಯಲಾರೆ. ಏಕೆಂದರೆ ದಿನವೂ ಕೇಳುವ ದನಿಯನ್ನು ಕೇಳುವ ಕಿವಿ ಅಪರೂಪವಾದುದು.

ಹಳ್ಳಿಯನ್ನು ನಾಡಿನ ಮುಖವೆಂದು ಕರೆದೊಡನೆ, ಆ ಮುಖ ಹೇಗಿರಬೇಕೆಂಬ ವಾದವೂ ಹುಟ್ಟುತ್ತದೆ. 1907ರಲ್ಲಿ ಡಬ್ಲಿನ್ನಿನ ಆಬೆ ರಂಗಮಂದಿರದಲ್ಲಿ ಜೆ. ಎಂ. ಸಿಂಗ್‌ನ ನಾಟಕವೊಂದು ಪಶ್ಚಿಮತೀರದ ಹಳ್ಳಿಗರನ್ನು, ತಂದೆಯನ್ನು ಕೊಂದೆನೆಂದು ಬಡಾಯಿ ಕೊಚ್ಚುವವನಿಗೆ ಮರುಳಾಗುವವರನ್ನಾಗಿ ತೋರಿಸಿದಾಗ, ತಮ್ಮ ಜನಕ್ಕೂ ಹೆಣ್ಣಿಗೂ ಅಪಮಾನವಾಯಿತೆಂದು ಪ್ರೇಕ್ಷಕರು ಗಲಭೆಗೆದ್ದರು. ಜಾಯ್ಸನಂತೂ ಹಳ್ಳಿಯನ್ನೇ ಬಿಟ್ಟು, 1922ರ 'ಯುಲಿಸಿಸ್' ಕಾದಂಬರಿಯಲ್ಲಿ ನಗರದ ಬೀದಿಯಲ್ಲಿ ನಡೆಯುವ ಯಹೂದಿ ಮೂಲದ ಸಾಧಾರಣ ಮನುಷ್ಯನೊಬ್ಬನನ್ನು ಐರ್ಲೆಂಡಿನ ನಾಯಕನನ್ನಾಗಿಸಿದನು. ಆಧುನಿಕ ಐರಿಷ್ ಆತ್ಮಪ್ರತ್ಯಯ ಬೆಳೆದದ್ದು ಈ ಜಗಳದಿಂದಲೇ.

ನಮ್ಮಲ್ಲಿ ಆ ಜಗಳ ತೀವ್ರವಾಗಲಿಲ್ಲ. 'ಗರತಿ' ಎಂಬ ಶೀರ್ಷಿಕೆಯೇ ಒಂದು ಆಯ್ಕೆ. ಪತಿವ್ರತೆಯಾದ ಗೃಹಿಣಿಯ ದನಿ ಅದರಲ್ಲಿ ಸ್ವಚ್ಛವಾಗಿ ಕೇಳಿಸುತ್ತದೆ, ಉಳಿದ ಹೆಣ್ಣುಗಳ ದನಿ ಹಿಂದೆ ಸರಿಯುತ್ತದೆ. ಸಂಗ್ರಾಹಕರ ಶ್ರದ್ಧೆಗೆ ತಲೆಬಾಗಿಯೇ ಇದನ್ನು ಹೇಳುತ್ತಿದ್ದೇನೆ. ಐರ್ಲೆಂಡಿನ ಬ್ಲಾಸ್ಕೆಟ್ ದ್ವೀಪದಲ್ಲಿ ಬಾಳಿದ ಪೆಗ್ ಸೇಯರ್ಸ್ ಎಂಬಾಕೆ ತನ್ನ ಬಾಳಕಥೆಯನ್ನು ಮಗನಿಗೆ ಹೇಳಿ ಬರೆಯಿಸಿದಳು. 1936ರಲ್ಲಿ ಅದು ಅವಳ ಹೆಸರಿನಲ್ಲಿಯೇ ಅಚ್ಚಾಯಿತು. ನಮ್ಮ ತ್ರಿಪದಿಗಳನ್ನು ಕೊಟ್ಟ ತಾಯಂದಿರು ಮಾತ್ರ ಓದುಗರಿಗೆ ಬರಿಯ 'ಗರತಿ'ಯರಾಗಿ ಉಳಿದರು. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದ ಮೇಲೂ ಆ ಪದಗಳನ್ನು ಬಲ್ಲ ಅಜ್ಜಿಯರು ಈ ತಾಲೂಕುಗಳಲ್ಲಿ ಎಲ್ಲಿ ಸಿಕ್ಕಿದರೂ, ಹಾಡಿನೊಡನೆ ಹಾಡಿದವಳ ಹೆಸರು, ತವರೂರು, ಕಲಿಸಿದವಳ ಹೆಸರು ಇವನ್ನೂ ಬರೆದುಕೊಳ್ಳುವ ಸಂಗ್ರಾಹಕನು ಬರಬೇಕಾಗಿದೆ.